ಡಿಜೆ ಬಾಕ್ಸ್ ಪ್ಲಾನ್ ನೋಡಿ ಮನೆಯಲ್ಲಿ ಬೇಸ್ ಹಾರ್ನ್ ಕಟ್ಟಿದರೆ ನಿಜವಾಗಿಯೂ ಬೇಸ್ ಬರುತ್ತಾ?

ಹುಕ್ಕೇರಿ ತಾಲ್ಲೂಕಿನ ದಡ್ಡಿ ಕಡೆಯ ಓದುಗರೊಬ್ಬರು ನಮಗೆ ಒಂದು ಚಿತ್ರ ಮತ್ತು ಒಂದು ವಿಡಿಯೊ ಕಳಿಸಿದ್ದಾರೆ. ಚಿತ್ರದಲ್ಲಿ ಪ್ಲೈವುಡ್ ಬಾಕ್ಸ್‌ನ ಅಳತೆಗಳಿವೆ. ಒಳಗೆ ಹಾವಿನಂತೆ ಮಡಚಿದ ದಾರಿ, ಮುಂದೆ ಅಗಲವಾದ ಬಾಯಿ. ವಿಡಿಯೊದಲ್ಲಿ ಅದೇ ಬಾಕ್ಸ್ ಬಡಿಯುತ್ತಿದೆ. ಕೆಳಗೆ ಬರೆದಿರುವುದು ಇಷ್ಟು: ‘ಕಡಿಮೆ ವ್ಯಾಟ್, ಡಬಲ್ ಬೇಸ್. ಹಾರ್ನ್ ಇದ್ದರೆ ದೊಡ್ಡ ಆಂಪ್ಲಿಫೈಯರ್ ಬೇಡ. ಮನೆಯಲ್ಲೇ ಮಾಡಿಕೊಳ್ಳಿ, ಎಲ್ಲರಿಗೂ ಕಳಿಸಿ.’ ಅವರ ಪ್ರಶ್ನೆ: ‘ಜಾತ್ರೆಯಲ್ಲಿ ಎದೆಗೆ ಬಡಿಯುವ ಬೇಸ್ ಮನೆಯ ಸಿಸ್ಟಮ್‌ಗೂ ಬರಬೇಕು ಅಂತ ಆಸೆ. ಬಡಿಗೇರರ ಹತ್ತಿರ ಮಾತಾಡಿದ್ದೇನೆ. ಪ್ಲೈವುಡ್ ತರಲೇ?’

ಪ್ಲೈವುಡ್ ತರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಹಾರ್ನ್ ಕಟ್ಟಿದರೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ಸದ್ದು ಬರುತ್ತದೆ ಎನ್ನುವುದು ನಿಜ. ಆದರೆ ಬೇಸ್‌ಗೆ ಹಾರ್ನ್ ಕಟ್ಟಬೇಕಾದರೆ ಅದು ಎಷ್ಟು ದೊಡ್ಡದಿರಬೇಕು ಎನ್ನುವ ಲೆಕ್ಕವನ್ನು ಫಾರ್ವರ್ಡ್ ಹೇಳುವುದೇ ಇಲ್ಲ. ಆ ಲೆಕ್ಕ ಹಾಕಿ ನೋಡಿದರೆ ಕೆಲವರು ಕೈಬಿಡುತ್ತಾರೆ, ಕೆಲವರು ಇನ್ನೂ ಹುರುಪಿನಿಂದ ಕೂರುತ್ತಾರೆ. ಎರಡೂ ಸರಿಯೇ.

ಮೊದಲು ಆ ವಿಡಿಯೊ ವಿಚಾರ ಮುಗಿಸಿಬಿಡೋಣ

ಬೇಸ್ ಎಷ್ಟು ಚೆನ್ನಾಗಿದೆ ಎಂದು ಫೋನ್‌ನಲ್ಲಿ ವಿಡಿಯೊ ನೋಡಿ ಹೇಳಲು ಆಗುವುದಿಲ್ಲ. ಸದ್ದು ಎಂದರೆ ಗಾಳಿಯ ಅದುರುವಿಕೆ. ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎನ್ನುವುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ನಾವು ಬೇಸ್ ಎನ್ನುವುದು ಸುಮಾರು 30ರಿಂದ 150 ಹರ್ಟ್ಜ್‌ವರೆಗಿನ ಸದ್ದನ್ನು. ಫೋನ್‌ನ ಪುಟ್ಟ ಸ್ಪೀಕರ್ ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಹೊರಡಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ನಮಗೆ ಬೇಸ್ ಕೇಳಿದ ಹಾಗೆ ಅನಿಸುತ್ತದಲ್ಲ? ಅದು ಮೆದುಳಿನ ಕೆಲಸ. 50 ಹರ್ಟ್ಜ್‌ನ ಡ್ರಮ್ ಪೆಟ್ಟಿನ ಜೊತೆಗೆ 100, 150, 200 ಹರ್ಟ್ಜ್ ಹೀಗೆ ಅದರ ಮೇಲಿನ ಸ್ವರಗಳೂ ಇರುತ್ತವೆ. ಮೇಲಿನವು ಕಿವಿಗೆ ಬಿದ್ದರೆ ಸಾಕು, ಕೆಳಗಿನದನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ‘ಈ ಬೇಸ್ ಕೇಳಿ ನೋಡಿ’ ಎಂದು ಬಂದ ವಿಡಿಯೊದಲ್ಲಿ ನೀವು ಕೇಳಿದ್ದು ಆ ಬಾಕ್ಸ್‌ನ ಬೇಸ್ ಅಲ್ಲ. ವಿಡಿಯೊದಲ್ಲಿ ಅಲುಗುವ ಕೋನ್, ಮೇಲೆ ಇಟ್ಟ ನೀರಿನ ಲೋಟದ ಅಲೆ, ಇವೆಲ್ಲ ಕಣ್ಣಿಗೆ ಹಬ್ಬ. ಕೋನ್ ಜೋರಾಗಿ ಹಾರುತ್ತಿದ್ದರೆ ಹಾರ್ನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದೂ ಅರ್ಥವಾಗಬಹುದು. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಹಾರ್ನ್ ಮಾಡುವ ಕೆಲಸವೇನು?

ಥರ್ಮಾಕೋಲ್ ಚೂರೊಂದನ್ನು ಪೂರ್ತಿ ಬಲ ಹಾಕಿ ಎಸೆದು ನೋಡಿ. ತೋಳಲ್ಲಿ ಶಕ್ತಿ ಬೇಕಾದಷ್ಟಿದೆ, ಆದರೆ ಚೂರು ಅದನ್ನು ತೆಗೆದುಕೊಳ್ಳುವಷ್ಟು ಭಾರವಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಬಿದ್ದುಬಿಡುತ್ತದೆ. ಸ್ಪೀಕರ್ ಕೋನ್ ಮತ್ತು ಗಾಳಿಯ ಕತೆಯೂ ಇದೇ. ಕೋನ್ ಭಾರ, ಗಾಳಿ ಹಗುರ. ಕೋನ್ ಮುಂದೆ ತಳ್ಳಿದರೆ ಗಾಳಿ ಒತ್ತಿಸಿಕೊಳ್ಳುವ ಬದಲು ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಬೇಸ್‌ನಲ್ಲಿ ಕೋನ್ ನಿಧಾನವಾಗಿ ಅಲುಗುವುದರಿಂದ ಗಾಳಿಗೆ ಜಾರಿಕೊಳ್ಳಲು ಸಮಯ ಇನ್ನೂ ಹೆಚ್ಚು. ಸಾಮಾನ್ಯ ಬಾಕ್ಸ್‌ನಲ್ಲಿರುವ ವೂಫರ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಸದ್ದಾಗುವುದು ಶೇ 1ರ ಆಸುಪಾಸು. ಉಳಿದದ್ದೆಲ್ಲ ಕಾಯಿಲ್ ಬಿಸಿ ಮಾಡುವುದರಲ್ಲೇ ಹೋಗುತ್ತದೆ.

ಹಾರ್ನ್ ಗಾಳಿಗೆ ಪಕ್ಕಕ್ಕೆ ಜಾರುವ ದಾರಿ ಮುಚ್ಚುತ್ತದೆ. ಕಿರಿದಾದ ಗಂಟಲಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಕೋನ್‌ಗೆ ‘ಭಾರ’ ಎನಿಸುತ್ತದೆ. ಆಮೇಲೆ ದಾರಿ ಮೆಲ್ಲಗೆ ಅಗಲವಾಗುತ್ತಾ ಹೋಗಿ, ಆ ಒತ್ತಡ ಹೊರಗಿನ ದೊಡ್ಡ ಗಾಳಿಗೆ ದಾಟುತ್ತದೆ. ಸೈಕಲ್ ಗೇರ್ ಇದ್ದ ಹಾಗೆ. ಗೇರ್ ಶಕ್ತಿ ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಒಳ್ಳೆಯ ಹಾರ್ನ್‌ನಲ್ಲಿ ವಿದ್ಯುತ್ತಿನ ಶೇ 10ರಿಂದ 30ರಷ್ಟು ಸದ್ದಾಗಬಹುದು. ಅಂದರೆ 100 ವ್ಯಾಟ್ ಕೊಟ್ಟ ಸಾಮಾನ್ಯ ಬಾಕ್ಸ್ ಮಾಡುವಷ್ಟು ಸದ್ದನ್ನು 10 ವ್ಯಾಟ್‌ನಲ್ಲಿ ಮಾಡಬಹುದು. ಫಾರ್ವರ್ಡ್‌ನ ‘ಕಡಿಮೆ ವ್ಯಾಟ್’ ಮಾತು ಇಲ್ಲಿಯವರೆಗೆ ನಿಜ. ಹಾರ್ನ್ ‘ಕರೆಂಟ್ ಇಲ್ಲದೆ ಬೇಸ್ ಹುಟ್ಟಿಸುತ್ತದೆ’ ಎನ್ನುವ ಇನ್ನೊಂದು ಮಾತು ತಿರುಗಾಡುತ್ತಿದೆ, ಅದು ಸುಳ್ಳು.

ಗುಡಿಯ ಮೈಕ್‌ನಲ್ಲಿ ಯಾಕೆ ಬೇಸ್ ಇಲ್ಲ?

ದಡ್ಡಿ–ಮೋಹನಗಾದ ಭಾವೇಶ್ವರಿ ದೇವಿಯ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಜನ ಬರುತ್ತಾರೆ. ಇಂಥ ಯಾವ ಜಾತ್ರೆಗೆ ಹೋದರೂ ಕಂಬಕ್ಕೆ ಕಟ್ಟಿದ ಮೈಕ್ ಹಾರ್ನ್ ಕಣ್ಣಿಗೆ ಬೀಳುತ್ತದೆ. ನಮ್ಮ ಗಡಿ ಭಾಗದಲ್ಲಿ ಅದನ್ನು ಭೋಂಗಾ ಅಂತಲೂ ಕರೆಯುತ್ತಾರೆ. ತಪ್ಪಿಸಿಕೊಂಡ ಮಗುವಿನ ಹೆಸರು ಕೂಗಿದರೆ ಜಾತ್ರೆಯ ಆಚೆ ತುದಿಗೂ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅದೇ ಹಾರ್ನ್‌ನಲ್ಲಿ ಡೊಳ್ಳಿನ ಹಾಡು ಹಾಕಿದರೆ ಡೊಳ್ಳು ತಗಡಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಅದು ಕೆಟ್ಟ ಹಾರ್ನ್ ಅಂತ ಅಲ್ಲ, ಅದರ ಬಾಯಿಯ ಅಳತೆಯೇ ಅಷ್ಟು.

ಸದ್ದಿನ ಅಲೆಗೆ ಒಂದು ಉದ್ದ ಇರುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 344 ಮೀಟರ್ ಹೋಗುತ್ತದೆ. 1000 ಹರ್ಟ್ಜ್‌ನ ಸದ್ದಿನ ಅಲೆ ಒಂದು ಅಡಿಗಿಂತ ಸ್ವಲ್ಪ ಉದ್ದ. 40 ಹರ್ಟ್ಜ್‌ನ ಅಲೆ 8.6 ಮೀಟರ್, ಅಂದರೆ 28 ಅಡಿ. ಹಾರ್ನ್‌ನಿಂದ ಅಲೆ ಸಲೀಸಾಗಿ ಹೊರಗೆ ಬರಬೇಕಾದರೆ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಒಂದು ಅಲೆಯಷ್ಟಿರಬೇಕು ಎನ್ನುವುದು ವಿನ್ಯಾಸಕಾರರ ಹಳೆಯ ಲೆಕ್ಕ. ಬಾಯಿ ಚಿಕ್ಕದಿದ್ದರೆ ಅಲೆ ಬಾಯಿಯ ಅಂಚಿಗೆ ಬಂದು ಅಲ್ಲಿಂದಲೇ ಒಳಗೆ ವಾಪಸ್ ತಿರುಗುತ್ತದೆ. ಒಂದೂಕಾಲು ಅಡಿ ಅಗಲದ ಮೈಕ್ ಹಾರ್ನ್‌ಗೆ ಈ ಲೆಕ್ಕ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡುವುದು ಸುಮಾರು 300 ಹರ್ಟ್ಜ್‌ನಿಂದ ಮೇಲೆ ಎಂದು ಬರುತ್ತದೆ. ಮಾತಿನ ಅಕ್ಷರಗಳು ಗುರುತಾಗುವುದು ಹೆಚ್ಚಾಗಿ ಅದಕ್ಕಿಂತ ಮೇಲಿನ ಸದ್ದಿನಿಂದ. ಹಾಗಾಗಿ ಮಗುವಿನ ಹೆಸರು ತಪ್ಪಿಲ್ಲದೆ ಮುಟ್ಟುತ್ತದೆ.

ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡು ತೆಳ್ಳಗೆ ಕೇಳುವುದಕ್ಕೂ ಒಂದು ಕಾರಣ ಇದೇ. 1902ರಲ್ಲಿ ಕೋಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದು ಮೈಕ್ ಮುಂದೆ ಅಲ್ಲ, ಒಂದು ಹಾರ್ನ್‌ನ ಬಾಯಿಗೆ. ವಿದ್ಯುತ್ ಮೈಕ್‌ನಿಂದ ಮುದ್ರಣ ಶುರುವಾದದ್ದು 1925ರ ಹೊತ್ತಿಗೆ. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡರು. ಅವರ ದನಿಯ ಕೆಳಗಿನ ತೂಕವನ್ನು ಆ ಮೊದಲ ತಟ್ಟೆಗಳು ಹಿಡಿದೇ ಇಲ್ಲ.

ಹಾಗಾದರೆ 40 ಹರ್ಟ್ಜ್‌ಗೆ ಹಾರ್ನ್ ಎಷ್ಟು ದೊಡ್ಡದು?

ಇಲ್ಲಿ ಕಾಗದ ಪೆನ್ನು ತೆಗೆದುಕೊಳ್ಳಿ. ನಾವೂ ಹಾಗೆಯೇ ಮಾಡಿದೆವು. 12 ಇಂಚಿನ ವೂಫರ್ ಎಂದುಕೊಳ್ಳೋಣ. ಅದರ ಕೋನ್ ವಿಸ್ತೀರ್ಣ ಸುಮಾರು 500 ಚದರ ಸೆಂಟಿಮೀಟರ್, ಗಂಟಲು ಅದರ ಅರ್ಧ, ಅಂದರೆ 250.

ಬಯಲಿನಲ್ಲಿ, ಸುತ್ತ ಏನೂ ಇಲ್ಲದ ಕಡೆ ನಿಲ್ಲಿಸುವ 40 ಹರ್ಟ್ಜ್ ಹಾರ್ನ್‌ನ ಬಾಯಿ 2.7 ಮೀಟರ್ ಅಗಲ ಇರಬೇಕು. ಒಂಬತ್ತು ಅಡಿ! ಅಷ್ಟೇ ಅಲ್ಲ, ಅಗಲವಾಗುವ ವೇಗಕ್ಕೂ ಮಿತಿ ಇದೆ. 40 ಹರ್ಟ್ಜ್‌ಗೆ ದಾರಿಯ ವಿಸ್ತೀರ್ಣ ಪ್ರತಿ ಒಂದೂವರೆ ಅಡಿಗೆ ಒಮ್ಮೆ ದುಪ್ಪಟ್ಟಾಗಬೇಕು, ಅದಕ್ಕಿಂತ ಬೇಗ ಆಗಬಾರದು. ಅವಸರದಲ್ಲಿ ಅಗಲ ಮಾಡಿದರೆ ಕೆಳಗಿನ ಸದ್ದಿಗೆ ಅದು ಹಾರ್ನ್ ಅನಿಸುವುದೇ ಇಲ್ಲ. ಈ ವೇಗದಲ್ಲಿ ಗಂಟಲಿನಿಂದ ಬಾಯಿಗೆ ಹೋಗಲು 12 ಅಡಿಗಿಂತ ಹೆಚ್ಚು ಉದ್ದ ಬೇಕು. ಒಳಗಿನ ಗಾಳಿಯ ಜಾಗ 4000 ಲೀಟರ್. ಮನೆ ಮೇಲೆ ಇಡುವ ಸಾವಿರ ಲೀಟರಿನ ನೀರಿನ ಟ್ಯಾಂಕ್ ನಾಲ್ಕು.

ಇಂಥದ್ದನ್ನು ಯಾರೂ ಕಟ್ಟಿಲ್ಲ ಅಂತಲ್ಲ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ 1930ರ ದಶಕದಲ್ಲಿ 27 ಅಡಿ ಉದ್ದದ ಹಾರ್ನ್ ಇತ್ತು. ಬಾಯಿ ಏಳು ಅಡಿಗಿಂತ ಅಗಲ. ರೇಡಿಯೊ ಕೇಳಲು ಜನ ಅದರ ಮುಂದೆ ಕೂರುತ್ತಿದ್ದರು. ವಸ್ತುಸಂಗ್ರಹಾಲಯಕ್ಕೆ ಅಂಥ ಜಾಗ ಇದೆ. 10 ಅಡಿಗೆ 10 ಅಡಿಯ ಕೋಣೆಯಲ್ಲಿ ಹಾರ್ನ್ ಇಟ್ಟರೆ ನಾವು ಹೊರಗೆ ಕೂರಬೇಕಾಗುತ್ತದೆ.

ಮೂಲೆಯ ಗೋಡೆಯೇ ಹಾರ್ನ್ ಆಗುತ್ತದೆ

ಮನೆಯೊಳಗೆ ಬೇಸ್ ಹಾರ್ನ್ ಸಾಧ್ಯವಾಗುವುದು ಒಂದು ಉಪಾಯದಿಂದ. ಹಾರ್ನ್ ಅನ್ನು ನೆಲದ ಮೇಲಿಟ್ಟರೆ ನೆಲವೇ ಕನ್ನಡಿಯಂತೆ ಅಲೆಯನ್ನು ತಿರುಗಿಸುತ್ತದೆ. ಹಾಗಾಗಿ ಬಾಯಿ ಅರ್ಧ ಇದ್ದರೆ ಸಾಕು. ಗೋಡೆಗೆ ಒತ್ತಿ ಇಟ್ಟರೆ ಕಾಲು ಭಾಗ ಸಾಕು. ಎರಡು ಗೋಡೆ ಸೇರುವ ಮೂಲೆಗೆ ಇಟ್ಟರೆ ಎಂಟನೇ ಒಂದು ಭಾಗ. ಮೂಲೆ ಎನ್ನುವುದು ಬಡಿಗೇರರಿಗೆ ಕೂಲಿ ಕೊಡದೆ ಸಿಗುವ ಹಾರ್ನ್‌ನ ಕೊನೆಯ ತುಂಡು.

ಅಮೆರಿಕದ ಎಂಜಿನಿಯರ್ ಪಾಲ್ ಕ್ಲಿಪ್ಶ್ 1941ರಲ್ಲಿ ಚಿಕ್ಕ ಅಳತೆಯ ಬೇಸ್ ಹಾರ್ನ್ ಬಗ್ಗೆ ಪ್ರಬಂಧ ಪ್ರಕಟಿಸಿದ್ದು ಈ ಉಪಾಯ ಹಿಡಿದುಕೊಂಡೇ. ದಾರಿಯನ್ನು ಮಡಚಿ ಬಾಕ್ಸ್‌ನೊಳಗೆ ತುಂಬಿದರು, ಬಾಯಿಯನ್ನು ಕೋಣೆಯ ಮೂಲೆಗೆ ಬಿಟ್ಟರು. 1946ರಿಂದ ಮಾರಾಟಕ್ಕೆ ಬಂದ ಅವರ ‘ಕ್ಲಿಪ್ಶ್‌ಹಾರ್ನ್’ ದಶಕಗಳ ನಂತರವೂ ತಯಾರಾಗುತ್ತಿದೆ. ಮನೆಯ ಹಾರ್ನ್ ಸ್ಪೀಕರ್ ಎಂದರೆ ಬಹಳ ಜನ ಮೊದಲು ನೆನೆಯುವುದು ಇದನ್ನೇ.

ನಮ್ಮ ಲೆಕ್ಕವನ್ನು ಮೂಲೆಗೆ ಹಾಕಿದರೆ: 40 ಹರ್ಟ್ಜ್‌ಗೆ ಬಾಯಿ ಸುಮಾರು 8 ಚದರ ಅಡಿ, ಉದ್ದ ಏಳೂವರೆ ಅಡಿ, ಗಾಳಿಯ ಜಾಗ ಸುಮಾರು 490 ಲೀಟರ್. 200 ಲೀಟರಿನ ಬ್ಯಾರಲ್ ಎರಡೂವರೆ. ಇನ್ನೂ ದೊಡ್ಡದೇ, ಆದರೆ ಮನೆಯೊಳಗೆ ಬರುವಂಥದ್ದು. ಈಗ ಒಂದು ರಾಜಿ ಮಾಡಿಕೊಳ್ಳಿ. 40 ಹರ್ಟ್ಜ್ ಬಿಟ್ಟು 60ಕ್ಕೆ ನಿಲ್ಲಿಸಿ. ಬಾಯಿ ಮೂರೂವರೆ ಚದರ ಅಡಿಗೆ ಇಳಿಯುತ್ತದೆ, ಉದ್ದ ನಾಲ್ಕು ಅಡಿಯೊಳಗೆ ಬರುತ್ತದೆ, ಜಾಗ 140 ಲೀಟರ್. ಒಂದು ಬ್ಯಾರಲ್ ಕೂಡ ಇಲ್ಲ! ಕೇವಲ 20 ಹರ್ಟ್ಜ್ ಬಿಟ್ಟುಕೊಟ್ಟಿದ್ದಕ್ಕೆ ಗಾತ್ರ ಮೂರನೇ ಒಂದಕ್ಕಿಂತ ಕಡಿಮೆ.

ನಮಗೆ ಕೇಳಿದರೆ, ಮನೆಗೆ ಕಟ್ಟುವವರು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ನಿಮಗೆ ಎಲ್ಲಿಯವರೆಗೆ ಬೇಸ್ ಬೇಕು? ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಜ್. ಸಿನಿಮಾ ಸ್ಫೋಟ, ಡಿಜೆ ಮಿಕ್ಸ್ ಅದಕ್ಕೂ ಕೆಳಗಿಳಿಯುತ್ತವೆ. ಗಂಡಸಿನ ಮಾತಿನ ಕೆಳಗಿನ ತುದಿ 85 ಹರ್ಟ್ಜ್ ಆಸುಪಾಸು. ಭಜನೆ, ವಚನ ಗಾಯನ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಳೆಯ ಧ್ವನಿಮುದ್ರಣಗಳು, ಇಂಥವನ್ನು ಕೇಳುವವರಿಗೆ 60 ಹರ್ಟ್ಜ್ ಹಾರ್ನ್ ಧಾರಾಳ. ಇನ್ನೂ ಹೇಳಬೇಕೆಂದರೆ, ಹಳೆಯ ಮುದ್ರಣಗಳಲ್ಲಿ 60ರ ಕೆಳಗೆ ಹೆಚ್ಚಾಗಿ ಸಿಗುವುದು 50 ಹರ್ಟ್ಜ್‌ನ ಕರೆಂಟಿನ ಗುಂಯ್ ಸದ್ದು. ಇಷ್ಟು ದುಡ್ಡು ಹಾಕಿ ಅದನ್ನು ಕೇಳಿಸಿಕೊಳ್ಳುವುದು ಯಾಕೆ?

ಡಿಜೆಯವರ ಬಾಕ್ಸ್ ಮನೆಯಲ್ಲಿ ಯಾಕೆ ಸೋಲುತ್ತದೆ?

ಓದುಗರು ಕಳಿಸಿದ ಪ್ಲಾನ್‌ನ ಗುಟ್ಟು ಇಲ್ಲಿದೆ. ಡಿಜೆ ಗಾಡಿಯಲ್ಲಿ ಒಂದೇ ಬಾಕ್ಸ್ ಇರುವುದಿಲ್ಲ. ನಾಲ್ಕು, ಎಂಟು, ಹದಿನಾರು ಒಂದರ ಮೇಲೊಂದು ಜೋಡಿಸಿರುತ್ತಾರೆ. ಅದು ಬರೀ ಜೋರಿಗೆ ಅಲ್ಲ. ಬಾಯಿಗಳು ಅಕ್ಕಪಕ್ಕ ಸೇರಿದರೆ ಬೇಸ್ ಅಲೆಗೆ ಅವೆಲ್ಲ ಒಂದೇ ದೊಡ್ಡ ಬಾಯಿಯಂತೆ ಕಾಣುತ್ತವೆ. 0.4 ಚದರ ಮೀಟರ್ ಬಾಯಿಯ ಒಂದು ಬಾಕ್ಸ್ ನೆಲದ ಮೇಲೆ ಸರಿಯಾಗಿ ಕೆಲಸ ಮಾಡುವುದು ಸುಮಾರು 108 ಹರ್ಟ್ಜ್‌ನಿಂದ ಮೇಲೆ. ಅದೇ ನಾಲ್ಕು ಸೇರಿಸಿದರೆ 54 ಹರ್ಟ್ಜ್‌ವರೆಗೆ ಇಳಿಯುತ್ತದೆ, ಒಳಗಿನ ದಾರಿ ಅಷ್ಟು ಉದ್ದವಿದ್ದರೆ. ನಾಲ್ಕರ ಗುಂಪಿಗೆ ಬರೆದ ಪ್ಲಾನ್ ನೋಡಿ ಒಂದೇ ಬಾಕ್ಸ್ ಕಟ್ಟಿದವರಿಗೆ ಸಿಗುವುದು ಬಡಬಡ ಸದ್ದು, ಬೇಸ್ ಅಲ್ಲ. ಪ್ಲೈವುಡ್ ಕೊಯ್ದದ್ದು ತಪ್ಪು, ಅಂಟು ಸರಿ ಹಾಕಿಲ್ಲ ಎಂದು ಆಮೇಲೆ ಬಡಿಗೇರರ ಮೇಲೆ ಜಗಳ. ಅವರದೇನೂ ತಪ್ಪಿರುವುದಿಲ್ಲ.

ಒಂದೇ ಕಟ್ಟಬೇಕು ಎನ್ನುವವರು ಮೂಲೆಗೆ ಇಡುವ ಪ್ಲಾನ್ ಹುಡುಕಬೇಕು. ಮೂಲೆ ಎಂದರೆ ಎರಡೂ ಕಡೆ ನಾಲ್ಕೈದು ಅಡಿ ಗಟ್ಟಿ ಗೋಡೆ. ಒಂದು ಬದಿಗೆ ಬಾಗಿಲು ಬಂದರೆ ಹಾರ್ನ್‌ನ ಒಂದು ತುಟಿ ಹರಿದಂತೆ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದ್ದು. ಮೇಲೆ ತಗಡಿನ ಚಾವಣಿ ಇದ್ದರೆ ಮಾತ್ರ ಒಂದೊಂದು ಬೋಲ್ಟ್ ಕೂಡ ಹಾಡತೊಡಗುತ್ತದೆ.

ಕೋಣೆಗೂ ತನ್ನದೇ ಹಟ ಇದೆ. ಹತ್ತು ಅಡಿಯ ಎರಡು ಗೋಡೆಗಳ ನಡುವೆ 56 ಹರ್ಟ್ಜ್‌ನ ಅರ್ಧ ಅಲೆ ಸರಿಯಾಗಿ ಕೂರುತ್ತದೆ. ಆ ಸ್ವರ ಗೋಡೆಯ ಹತ್ತಿರ ಗುಡುಗುತ್ತದೆ, ಕೋಣೆಯ ನಡುವೆ ಕುಳಿತವರಿಗೆ ಮಾಯವಾಗುತ್ತದೆ. ಉದ್ದ ಅಗಲ ಎರಡೂ ಹತ್ತೇ ಅಡಿ ಇದ್ದರೆ ಈ ತೊಂದರೆ ಇಮ್ಮಡಿ. ಕುರ್ಚಿಯನ್ನು ಎರಡು ಅಡಿ ಸರಿಸಿ ಕೇಳಿ ನೋಡಿ, ಹಾರ್ನ್ ಬದಲಾದ ಹಾಗೆ ಅನಿಸುತ್ತದೆ. ಬಾಕ್ಸ್ ಬಿಚ್ಚುವ ಮೊದಲು ಇದನ್ನು ಮಾಡಿ.

ವೂಫರ್ ಆರಿಸುವಾಗಲೂ ಅಂಗಡಿಯವರ ಮಾತಿಗೆ ತಲೆಯಾಡಿಸಬೇಡಿ. ಕಾರಿಗೆ ಹಾಕುವ, ಭಾರವಾದ ಕೋನ್ ಉದ್ದಕ್ಕೆ ಹಾರುವ ವೂಫರ್ ಹಾರ್ನ್‌ಗೆ ಒಗ್ಗುವುದಿಲ್ಲ. ಬೇಕಾದದ್ದು ಹಗುರವಾದ ಗಟ್ಟಿ ಕೋನ್, ಬಲವಾದ ಮ್ಯಾಗ್ನೆಟ್. ಹಾರ್ನ್ ಸರಿಯಾಗಿ ಕೆಲಸ ಮಾಡುವಾಗ ಕೋನ್ ಅಲುಗಿದ್ದು ಕಣ್ಣಿಗೆ ಕಾಣುವುದೂ ಕಷ್ಟ. ಮಿತಿಗಿಂತ ಕೆಳಗಿನ ಸದ್ದು ಕೊಟ್ಟಾಗ ಗಾಳಿಯ ಭಾರ ತಪ್ಪಿಹೋಗಿ ಕೋನ್ ಒಮ್ಮೆಲೇ ಹಾರುತ್ತದೆ, ಹರಿಯುವುದೂ ಉಂಟು. 60 ಹರ್ಟ್ಜ್ ಹಾರ್ನ್‌ಗೆ ಅದಕ್ಕಿಂತ ಬಹಳ ಕೆಳಗಿನದನ್ನು ತಡೆಯುವ ಫಿಲ್ಟರ್ ಹಾಕಬೇಕು, ಕೋನ್ ಹಿಂದಿನ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಮೊದಲಿನ ವಿಡಿಯೊದಲ್ಲಿ ಹಾರುತ್ತಿದ್ದ ಕೋನ್ ನೆನಪಿದೆಯಲ್ಲ?

ಮಡಚಿದ ದಾರಿಯಲ್ಲಿ ಬೇಸ್ ಅಲೆ ತಿರುವು ತೆಗೆದುಕೊಳ್ಳುತ್ತದೆ, ಏಕೆಂದರೆ ತಿರುವಿಗಿಂತ ಅಲೆ ಎಷ್ಟೋ ಉದ್ದ. ಮೇಲಿನ ಸದ್ದು ತಿರುವಿನಲ್ಲಿ ಕಲಸಿಹೋಗುತ್ತದೆ. ಅದಕ್ಕೇ ಬೇಸ್ ಹಾರ್ನ್‌ನ ಕೆಲಸ 300–400 ಹರ್ಟ್ಜ್‌ಗೆ ಮುಗಿಯಬೇಕು, ಮೇಲಿನದಕ್ಕೆ ಬೇರೆ ಚಿಕ್ಕ ಹಾರ್ನ್ ಬೇಕು. ಏಳೂವರೆ ಅಡಿ ದಾರಿ ಸುತ್ತಿ ಬರುವ ಬೇಸ್ 6–7 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಡೊಳ್ಳಿನ ಕೋಲಿನ ಸದ್ದು ಮೊದಲು, ಹೊಟ್ಟೆಯ ಸದ್ದು ಆಮೇಲೆ ಅನಿಸಿದರೆ ಕಾರಣ ಅದು. ಡಿಜಿಟಲ್ ಕ್ರಾಸ್‌ಓವರ್ ಇದ್ದರೆ ಚಿಕ್ಕ ಹಾರ್ನ್ ಅನ್ನೂ ಅಷ್ಟೇ ತಡ ಮಾಡಿ ಸರಿಹೊಂದಿಸಬಹುದು.

ಗಡಿಗೆ, ತಂಬಿಗೆ, ಹತ್ತು ಸಾವಿರ ವ್ಯಾಟ್

ಇದೇ ಸಾಲಿನ ಎರಡು ಫಾರ್ವರ್ಡ್‌ಗಳನ್ನು ಇಲ್ಲಿಯೇ ನೋಡಿಬಿಡೋಣ. ಮಣ್ಣಿನ ಗಡಿಗೆಗೆ ಸ್ಪೀಕರ್ ಕೂರಿಸಿದರೆ ಬೇಸ್ ಬರುತ್ತದೆ ಎನ್ನುವುದು ಒಂದು. ಗಡಿಗೆ ಹಾರ್ನ್ ಅಲ್ಲ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ಜಾತಿ. 10 ಲೀಟರಿನ, 10 ಸೆಂಟಿಮೀಟರ್ ಬಾಯಿಯ ಗಡಿಗೆಯ ಸ್ವರ ಸುಮಾರು 160–170 ಹರ್ಟ್ಜ್. ಯಾವ ಹಾಡು ಹಾಕಿದರೂ ಆ ಒಂದು ಸ್ವರ ಮಾತ್ರ ಉಬ್ಬುತ್ತದೆ. ಫೋನ್ ಅನ್ನು ತಂಬಿಗೆಯಲ್ಲಿಟ್ಟರೂ ಇದೇ. ಜೋರಾಗುವುದು ನಿಜ, ಬೇಸ್ ಆಗುವುದಿಲ್ಲ.

ಇನ್ನೊಂದು, ಡಬ್ಬಿಯ ಮೇಲೆ ಅಚ್ಚಾದ ‘10,000 ವ್ಯಾಟ್ ಪಿಎಂಪಿಒ’. ಪಿಎಂಪಿಒ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಪದ್ಧತಿಯೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್ ಮತ್ತು ಸ್ಪೀಕರ್‌ನ ಸೆನ್ಸಿಟಿವಿಟಿ. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಪಕ್ಕದ ಮನೆಯ ಗೋಡೆ

ಫಾರ್ವರ್ಡ್‌ನಲ್ಲಿ ಇರದ ಇನ್ನೊಂದು ಸಂಗತಿ ಇದೆ. ನಮ್ಮ ಪ್ರಕಾರ ಪ್ಲೈವುಡ್ ಖರ್ಚಿಗಿಂತ ದೊಡ್ಡದು ಇದೇ. ಬೇಸ್ ಗೋಡೆಯೊಳಗೆ ನಿಲ್ಲುವುದಿಲ್ಲ.

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವಾಗ ಹತ್ತಿರ ನಿಂತರೆ ಭೋರ್ಗರೆತದ ಜೊತೆಗೆ ಸುಯ್ ಎನ್ನುವ ತೆಳು ಸದ್ದೂ ಇರುತ್ತದೆ. ದೂರ ಹೋದಂತೆ ಸುಯ್ ಸದ್ದನ್ನು ಗಾಳಿ ಹೀರಿಕೊಳ್ಳುತ್ತದೆ, ಉಳಿಯುವುದು ಗುಡುಗಿನಂಥದ್ದು ಮಾತ್ರ. ಗೋಡೆಯ ವಿಚಾರದಲ್ಲೂ ಹೀಗೆಯೇ. ಸದ್ದಿನ ಹರ್ಟ್ಜ್ ಅರ್ಧಕ್ಕೆ ಇಳಿದಂತೆಲ್ಲ ಗೋಡೆ ತಡೆಯುವ ಪ್ರಮಾಣ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ ಎನ್ನುವುದು ಒಂದು ಅಂದಾಜು. ಆ ಲೆಕ್ಕದಲ್ಲಿ 1000 ಹರ್ಟ್ಜ್‌ಗೆ ಹೋಲಿಸಿದರೆ 50 ಹರ್ಟ್ಜ್‌ನ ಸದ್ದು 26 ಡೆಸಿಬಲ್‌ನಷ್ಟು ಸಲೀಸಾಗಿ ದಾಟುತ್ತದೆ. ನಿಮ್ಮ ಕೋಣೆಯ ಹಾಡು ಪಕ್ಕದ ಮನೆಗೆ ಹಾಡಾಗಿ ಹೋಗುವುದಿಲ್ಲ, ಬರೀ ದಬ್ ದಬ್ ಆಗಿ ಹೋಗುತ್ತದೆ. ಕಿಟಕಿ ಮುಚ್ಚಿದರೆ ಏನೂ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ? 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಖಾಸಗಿ ಜಾಗದ ಸೌಂಡ್ ಸಿಸ್ಟಮ್ ಆದರೆ ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಮನೆಯ ಹಾರ್ನ್‌ಗೂ ಇದು ಅನ್ವಯ. ಹಬ್ಬ ಜಾತ್ರೆಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಮನೆಯಲ್ಲಿ ನಮ್ಮ ಖುಷಿಗೆ ಹಾಡು ಕೇಳುವುದಕ್ಕೂ ಆ ಸಡಿಲಿಕೆಗೂ ಸಂಬಂಧವಿಲ್ಲ.

ಆದರೆ ಈ ಅಳತೆಯಲ್ಲಿ ಒಂದು ತೂತಿದೆ. ನಿಯಮದಲ್ಲಿರುವುದು ‘ಎ’ ಮಾದರಿಯ ಡೆಸಿಬಲ್. ಮೆಲುದನಿಯಲ್ಲಿ ನಮ್ಮ ಕಿವಿ ಬೇಸ್ ಅನ್ನು ಕಡಿಮೆ ಕೇಳುತ್ತದೆ ಎನ್ನುವ ಕಾರಣಕ್ಕೆ ಈ ಮಾದರಿಯಲ್ಲಿ ಮೀಟರ್ ಬೇಸ್ ಅನ್ನು ಕಡಿಮೆ ಮಾಡಿ ತೋರಿಸುತ್ತದೆ. 50 ಹರ್ಟ್ಜ್‌ಗೆ ಈ ಕಡಿತ 30 ಡೆಸಿಬಲ್. ಅಂದರೆ ಪಕ್ಕದ ಮನೆಯ ಮಂಚವನ್ನು ನಡುಗಿಸುವ 75 ಡೆಸಿಬಲ್‌ನ 50 ಹರ್ಟ್ಜ್ ಸದ್ದು ಮೀಟರ್‌ನಲ್ಲಿ 45 ಎಂದು ಕಾಣಬಹುದು. ಫೋನ್‌ಗೆ ಹಾಕಿಕೊಂಡ ಡೆಸಿಬಲ್ ಆ್ಯಪ್ ಹಿಡಿದು ‘ನೋಡಿ, ಮಿತಿಯೊಳಗೇ ಇದೆ’ ಎನ್ನುವವರು ಇದನ್ನು ತಿಳಿದಿರಬೇಕು. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿಗೆ ಓದುತ್ತಿರುವ ಹುಡುಗಿಗೆ ನಿದ್ದೆ ಬರುವುದಿಲ್ಲ.

ಕಟ್ಟಿದವರ ಕಿವಿಗೂ ಒಂದು ಮಾತು. ಒಳ್ಳೆಯ ಹಾರ್ನ್ ಕಿರಿಕಿರಿ ಇಲ್ಲದೆ, ಒಡೆಯದೆ ಜೋರಾಗುತ್ತದೆ. ಅಗ್ಗದ ಬಾಕ್ಸ್ ಜೋರಾದಾಗ ಗೊರಗೊರ ಎಂದು ಎಚ್ಚರಿಸುತ್ತದೆ, ಹಾರ್ನ್ ಆ ಎಚ್ಚರಿಕೆ ಕೊಡುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ.

ಓದುಗರಿಗೆ ನಾವು ಏನು ಹೇಳಿದೆವು?

ಆ ಪ್ಲಾನ್ ಬೇಡ ಎಂದೆವು. ಅದು ನಾಲ್ಕು ಬಾಕ್ಸ್‌ನ ಗುಂಪಿನದು. ಕಟ್ಟಲೇಬೇಕಿದ್ದರೆ 60 ಹರ್ಟ್ಜ್‌ನ, ಮೂಲೆಯಲ್ಲಿ ನಿಲ್ಲುವ ಒಂದು ಹಾರ್ನ್ ಸಾಕು. 18 ಮಿಲಿಮೀಟರ್ ಪ್ಲೈವುಡ್, ಒಳಗೆ ಅಲ್ಲಲ್ಲಿ ಅಡ್ಡಪಟ್ಟಿ, ಗಾಳಿ ಸೋರದ ಅಂಟು. ಮೊದಲು ರಟ್ಟಿನಲ್ಲಿ ಪೂರ್ತಿ ಅಳತೆಯ ಆಕಾರ ಮಾಡಿ ಮೂಲೆಯಲ್ಲಿ ಒಂದು ವಾರ ಇಟ್ಟು ನೋಡಿ, ಮನೆಯವರು ಓಡಾಡಲು ಜಾಗ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ ಎಂದೆವು. ಯಾವ ಮೂಲೆ ಎಂದು ಅವರು ಮತ್ತೆ ಕೇಳಿದರು. ಅವರ ಮನೆಗೆ ಗಟ್ಟಿ ಮೂಲೆ ಎರಡಿವೆಯಂತೆ, ಅದರಲ್ಲಿ ಒಂದರ ಗೋಡೆ ಕಾಕಾನ ಮನೆಗೂ ಸೇರಿದ್ದಂತೆ. ಇನ್ನೊಂದು ಮೂಲೆ ಎಂದು ಬರೆದು ಕಳಿಸಿದೆವು.